ತೋಳಿನ ಹಳದಿ ಪಟ್ಟಿ

ಬಿದ್ದವರನ್ನು ಎತ್ತಬೇಕೆಂದು ಶಾಸ್ತ್ರಗಳು ವಿಧಿಸುತ್ತವೆ. ಎತ್ತಿಕೊಂಡವರನ್ನು ಯಾವಾಗ ಕೆಳಗಿಳಿಸಬೇಕೆಂಬುದನ್ನು ಮಾತ್ರ ಆಯಾ ಮನೆಯವರ ವಿವೇಕಕ್ಕೆ ಬಿಟ್ಟಿವೆ. ಲಾಂಡ್ರಿ ಅಂಗಡಿಯ ಮೇಲಂತಸ್ತಿನ ಆ ಮನೆಯಲ್ಲಿ ಆ ವಿವೇಕವು ತುಸು ತಡವಾಗಿ ಉದಯಿಸಿತು. ಅದೂ ಒಬ್ಬ ಮುಸುಕುಧಾರಿ ನಿಂಜಾನ ದೆಸೆಯಿಂದ.

ಅಂಗಡಿಯ ಹಿಂಭಾಗದಲ್ಲಿ ಒಗೆಯುವ ಯಂತ್ರಗಳು, ನಡುವೆ ಬಟ್ಟೆ ಒಣಗುವ ಕೋಣೆ, ಬೀದಿಗೆ ಮುಖಮಾಡಿ ಗಾಜಿನ ಬಾಗಿಲ ಮಗ್ಗುಲಲ್ಲಿ ಇಸ್ತ್ರಿಯ ಮೇಜು. ಮದುವೆಯಾಗಿ ಬಂದ ವರ್ಷದಿಂದ ಆ ಮೇಜಿನ ಹಿಂದೆ ನಿಂತವರು ಯಜಮಾನರ ಪತ್ನಿ. ಅವರ ಕೈಯಿಂದ ಹೊರಟ ಅಂಗಿಯ ಕಾಲರು ಸಂಜೆಯವರೆಗೂ ತಲೆ ಬಾಗಿಸುತ್ತಿರಲಿಲ್ಲ. ಗಿರಾಕಿಗಳು ಅವರನ್ನು ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ, ಹಿಂಬದಿಯ ಮೆಟ್ಟಿಲ ಮೇಲೆ ಚೆಲ್ಲಿದ್ದ ಸೋಪಿನ ನೀರಿಗೆ ಕಾಲು ಜಾರಿ ಇಸ್ತ್ರಿಯಮ್ಮ ಬಿದ್ದರು. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರು ಹಾಕಿದರು, ಕೂಡಿಕೊಂಡ ಮೇಲೆ ತೆಗೆದರು. "ಇನ್ನು ಈ ಕೈಗೆ ಕೆಲಸ ಕೊಡಿ, ಇಲ್ಲದಿದ್ರೆ ಜಡವಾಗಿಬಿಡುತ್ತೆ" ಎಂದು ಡಾಕ್ಟರು ಹೇಳಿ ಕಳುಹಿಸಿದರು. ಆದರೆ ಮನೆಯವರ ಅಂತಃಕರಣವು ಡಾಕ್ಟರ ಮಾತಿಗಿಂತ ಬಲವಾಗಿತ್ತು.

"ಬ್ರೆಡ್ ನಾನು ಕತ್ತರಿಸ್ತೀನಿ, ನೀ ಕೂತ್ಕೋ," ಎಂದರು ಯಜಮಾನರು, ಒಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ.

"ಬ್ರೆಡ್ಡು ರೀ ಅದು. ಮರದ ದಿಮ್ಮಿ ಅಲ್ಲ."

"ಇರ್ಲಿ, ಕೈಗೆ ಯಾಕೆ ಸುಮ್ನೆ ಶ್ರಮ?"

ಯಜಮಾನರ ತಾಯಿ, ಆ ಮನೆಯ ಅಜ್ಜಿ, ಸೊಸೆಯ ಬಟ್ಟಲಿಗೆ ತಾವೇ ಸೂಪು ಬಡಿಸಿ ಚಮಚವನ್ನು ಅವಳ ಎಡಗೈಗೆ ಇತ್ತರು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಊಟಕ್ಕೆಂದು ಮನೆಗೆ ಬಂದಿದ್ದಳು. ಬಾಯಿ ತೆರೆದರೆ ನಿಲ್ಲದ ಅವಳಿಗೆ ಮನೆಯವರು ಪಟಾಕಿ ಎಂದು ಹೆಸರಿಟ್ಟಿದ್ದರು. ಅವಳು ತಾಯಿಯ ಮುಂದಿನ ನೀರಿನ ಜಗ್ಗನ್ನು ದೂರ ಸರಿಸಿದಳು.

"ಅದನ್ನ ಯಾಕೆ ತೆಗೆದೆ?"

"ಭಾರ ಇದೆಯಮ್ಮ. ಬಾಯಾರಿಕೆ ಆದ್ರೆ ಹೇಳು, ನಾನು ಬಗ್ಗಿಸಿ ಕೊಡ್ತೀನಿ."

"ಕುಡಿಯೋದಾದ್ರೂ ನಾನೇ ಕುಡೀಲಾ, ಅದನ್ನೂ ನೀವೇ ಯಾರಾದ್ರೂ ಕುಡಿದುಬಿಡ್ತೀರಾ?"

ಎಲ್ಲರೂ ನಕ್ಕರು. ನಗೆ ಅಡಗಿದ ಮೇಲೆ ಯಜಮಾನರು ಬ್ರೆಡ್ಡಿನ ತುಣುಕಿನಿಂದ ಬಟ್ಟಲನ್ನು ಒರೆಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: "ಮುಂದಿನ ತಿಂಗಳ ಮೊದಲನೇ ದಿನದಿಂದ ಒಬ್ಬ ಕೆಲಸಗಾರ ಬರ್ತಾನೆ. ನಮ್ಮ ಬೀದಿ ದರ್ಜಿ ಹೇಳಿ ಕಳಿಸಿರೋನು. ಇಸ್ತ್ರಿ ಮೇಜು ಅವನಿಗೆ."

"ನನ್ನ ಮೇಜಾ?"

"ನೀನು ಕೌಂಟರಲ್ಲಿ ಕೂತ್ಕೋ. ಬಂದೋರ ಹತ್ರ ಮಾತಾಡು. ಆರಾಮಾಗಿರು."

ಇಸ್ತ್ರಿಯಮ್ಮ ಊಟ ಮುಗಿಸಿ, ತಟ್ಟೆ ಎತ್ತಲು ಹೋದರು. ತಟ್ಟೆಯನ್ನು ಆಗಲೇ ಅಜ್ಜಿ ಎತ್ತಿಯಾಗಿತ್ತು.

ಮಾಡಲು ಕೆಲಸವಿಲ್ಲದ ಮನುಷ್ಯನಿಗೆ ಮಧ್ಯಾಹ್ನವು ಬಹು ದೀರ್ಘ. ಪಟಾಕಿ ತನ್ನ ಸಂಬಳದಿಂದ ಕೊಂಡು ತಂದಿದ್ದ ಗೇಮ್ ಕನ್ಸೋಲು ನಡುಮನೆಯ ಟಿವಿಯ ಕೆಳಗಿತ್ತು. ಅಂದು ಇಸ್ತ್ರಿಯಮ್ಮ ಅದರ ಕಂಟ್ರೋಲರನ್ನು ಕೈಗೆತ್ತಿಕೊಂಡರು. ಆ ಮನೆಯಲ್ಲಿ ಅವರ ಕೈಯಿಂದ ಯಾರೂ ಕಿತ್ತುಕೊಳ್ಳದ ವಸ್ತು ಅದೊಂದೇ ಆಗಿತ್ತು.

ಗೇಮಿನ ಕಥೆ ಸರಳ. ನಿಂಜಾ ಎಂಬ ಕಪ್ಪು ಮುಸುಕಿನ ಜಪಾನಿ ಯೋಧನೊಬ್ಬ ಏಕಾಕಿಯಾಗಿ ಹಿಮದ ಬೆಟ್ಟವನ್ನೇರಿ, ಅದರ ನೆತ್ತಿಯ ಮೇಲಿನ ದುರ್ಗದ ಒಡೆಯನನ್ನು ಸೋಲಿಸಬೇಕು. ಕಥೆ ಸರಳವಾದರೂ ದಾರಿ ಕ್ರೂರ. ಮೊದಲ ಸೇತುವೆಯಲ್ಲೇ ಸರಪಳಿಗೆ ಕುಡುಗೋಲು ಕಟ್ಟಿಕೊಂಡ ಕಾವಲುಗಾರನೊಬ್ಬ ನಿಂತಿದ್ದ. ಇಸ್ತ್ರಿಯಮ್ಮ ಒಂದು ಗುಂಡಿಯನ್ನು ಹುಡುಕಿ ಒತ್ತುವಷ್ಟರಲ್ಲಿ ಕುಡುಗೋಲು ಗಾಳಿಯಲ್ಲಿ ಸುಳಿದು ಬಂದು ನಿಂಜಾನನ್ನು ಕೊಂದಿತ್ತು. ಮತ್ತೆ ಎದ್ದರು; ಮತ್ತೆ ಸತ್ತರು.

"ಅಮ್ಮಾ, ಇದು ನಿನ್ನ ಕೈಲಾಗಲ್ಲ," ಎಂದಳು ಪಟಾಕಿ, ಕೆಲಸಕ್ಕೆ ಹೊರಡುತ್ತ ಚಪ್ಪಲಿ ಮೆಟ್ಟುತ್ತಿದ್ದವಳು. "ನಾನೇ ಅರ್ಧಕ್ಕೆ ಬಿಟ್ಟಿದೀನಿ. ಕಾರ್ ಗೇಮ್ ಹಾಕಿಕೊಡ್ಲಾ? ಸುಮ್ನೆ ಓಡಿಸ್ತಾ ಇರಬಹುದು."

"ಬೇಡ. ಈ ಮುದುಕ ಯಾರು? ಸತ್ತಾಗೆಲ್ಲ ಬರ್ತಾನಲ್ಲ?"

ತೆರೆಯ ಮೇಲೆ ಸೇತುವೆಯ ಪಕ್ಕದ ಗುಡಿಸಲಿನಿಂದ ಮುದುಕನೊಬ್ಬ ಹೊರಬಂದು, "ಪಯಣಿಗನೇ, ನಿನ್ನ ಹಾದಿಯನ್ನು ಸುಗಮ ಮಾಡಲೇ?" ಎಂದು ಕೇಳುತ್ತಿದ್ದ.

"ಪದೇ ಪದೇ ಸೋತೋರನ್ನ ನೋಡಿ ಪಾಪ ಅಂತ ಬರ್ತಾನೆ. ಹೂಂ ಅಂದ್ರೆ ನಿಂಜಾನ ತೋಳಿಗೆ ಹಳದಿ ಪಟ್ಟಿ ಕಟ್ತಾನೆ. ಆಮೇಲೆ ಶತ್ರುಗಳೆಲ್ಲ ಮೆತ್ತಗೆ ಹೊಡೀತಾರೆ. ಆದ್ರೆ ಪಟ್ಟಿ ಮತ್ತೆ ಬಿಚ್ಚೋಕಾಗಲ್ಲ, ಕೊನೇವರೆಗೂ ಇರುತ್ತೆ."

"ಹಾಗಾದ್ರೆ ಬೇಡ," ಎಂದು ಇಸ್ತ್ರಿಯಮ್ಮ ಮುದುಕನನ್ನು ಗುಡಿಸಲಿಗೆ ಹಿಂದಿರುಗಿಸಿದರು.

ಅಂದಿನಿಂದ ಪ್ರತಿ ಮಧ್ಯಾಹ್ನ, ಅಂಗಡಿಯ ಬಾಗಿಲು ಮುಚ್ಚಿ ಯಜಮಾನರು ವಿಶ್ರಮಿಸುವ ಹೊತ್ತಿನಲ್ಲಿ, ನಡುಮನೆಯಲ್ಲಿ ಕತ್ತಿಯ ಸದ್ದು ಕೇಳತೊಡಗಿತು. ಮೊದಮೊದಲು ಬಲಗೈಯ ಹೆಬ್ಬೆರಳು ಮರದ ಬೆಣೆಯಂತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಬೆರಳು ಬಾಗತೊಡಗಿತು. ಎರಡನೆಯ ವಾರದಲ್ಲಿ ಕುಡುಗೋಲು ಬರುವ ದಿಕ್ಕು ತಿಳಿಯತೊಡಗಿತು. ಆದರೂ ಕಾವಲುಗಾರ ಅಲುಗಲಿಲ್ಲ.

ಅಜ್ಜಿ ಜಪಮಣಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಜಪ ನಡೆಯುತ್ತಿತ್ತು, ಕಣ್ಣು ಮಾತ್ರ ಟಿವಿಯ ಮೇಲಿರುತ್ತಿತ್ತು.

"ಅವನಿಗೆ ಹೆಂಡತಿ ಮಕ್ಕಳಿಲ್ವೇನೇ? ಯಾವಾಗ ನೋಡಿದ್ರೂ ಸೇತುವೆ ಮೇಲೇ ನಿಂತಿರ್ತಾನೆ."

"ಅವನ ಕೆಲಸ ಅದು ಅತ್ತೆ. ಅವನ ಜಾಗ ಯಾರೂ ಕಿತ್ಕೊಂಡಿಲ್ಲ ನೋಡಿ, ಪುಣ್ಯವಂತ."

ಅಜ್ಜಿ ಜಪಮಣಿಯನ್ನು ಸ್ವಲ್ಪ ಬೇಗಬೇಗನೆ ಎಣಿಸಿದರು.

ಒಂದು ಮಧ್ಯಾಹ್ನ, ನಿಂಜಾ ಇನ್ನೊಮ್ಮೆ ಸತ್ತು ಮುದುಕ ಇನ್ನೊಮ್ಮೆ ಪ್ರಶ್ನೆ ಕೇಳುತ್ತಿದ್ದಾಗ ಕೆಳಗಿನಿಂದ ಯಾರೋ ಕೂಗಿದರು. ಗಿರಾಕಿಯೊಬ್ಬರು ಕೋಟನ್ನು ಮರೆತು ಹೋಗಿದ್ದರಂತೆ. ಇಸ್ತ್ರಿಯಮ್ಮ ಕಂಟ್ರೋಲರನ್ನು ಕುರ್ಚಿಯ ಮೇಲಿಟ್ಟು ಕೆಳಗಿಳಿದರು. ಅಜ್ಜಿ ಕುಳಿತಲ್ಲೇ ತೂಕಡಿಸುತ್ತಿದ್ದರು. ಎದ್ದು ಬಂದ ಯಜಮಾನರು ತೆರೆಯನ್ನು ನೋಡಿದರು. ಹಾದಿಯನ್ನು ಸುಗಮ ಮಾಡಲೇ ಎಂದು ಮುದುಕ ಕೈಜೋಡಿಸಿ ಕೇಳುತ್ತಿದ್ದ. ವಾರಗಟ್ಟಲೆ ಹೆಂಡತಿ ಸೋಲುವುದನ್ನು ಮಲಗಿದಲ್ಲಿಂದಲೇ ಕೇಳಿಸಿಕೊಂಡಿದ್ದ ಆ ಸಜ್ಜನರಿಗೆ ಕರುಳು ಚುರುಕ್ಕೆಂದಿತು. ಮಗಳು ಗುಂಡಿ ಒತ್ತುವುದನ್ನು ನೋಡಿದ್ದರು. ಒತ್ತಿದರು. ಕಂಟ್ರೋಲರನ್ನು ಇದ್ದಲ್ಲೇ ಇಟ್ಟು, ಏನೂ ಅರಿಯದವರಂತೆ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು.

ಹಿಂದಿರುಗಿದ ಇಸ್ತ್ರಿಯಮ್ಮ ಆಡಲು ಕುಳಿತರು. ಸೇತುವೆಯ ಮೇಲೆ ಹಿಮಪಾತ ಕವಿದು ನಿಂಜಾನ ಆಕೃತಿ ಮಸುಕಾಗಿತ್ತು. ಕುಡುಗೋಲು ಬೀಸಿ ಬಂತು, ತಪ್ಪಿಸಿಕೊಂಡರು. ತಗುಲಿದರೂ ನಿಂಜಾ ಬೀಳಲಿಲ್ಲ. ಕತ್ತಿ ಎತ್ತಿ ಹೊಡೆದರು, ಮತ್ತೆ ಹೊಡೆದರು. ಕಾವಲುಗಾರ ಮೊಣಕಾಲೂರಿ ಕುಸಿದ.

"ಅತ್ತೇ! ಬಿದ್ದ! ರೀ, ಬಿದ್ದ ಅವನು!"

ತೂಕಡಿಕೆಯಿಂದ ಬೆಚ್ಚಿದ ಅಜ್ಜಿ "ಯಾರು? ಮೆಟ್ಟಿಲ ಮೇಲಾ?" ಎಂದು ಎದ್ದು ನಿಂತರು. ಯಜಮಾನರು ಚಹಾದ ಲೋಟಗಳೊಂದಿಗೆ ಬಂದು ಚಪ್ಪಾಳೆ ತಟ್ಟಲು ಕೈ ಬಿಡುವಿಲ್ಲದೆ ತಲೆಯಾಡಿಸಿದರು. ಅಂದಿನ ರಾತ್ರಿಯ ಊಟಕ್ಕೆ ಪಟಾಕಿ ಕೇಕು ತಂದಳು. ಇಸ್ತ್ರಿಯಮ್ಮ ಅದನ್ನು ಬಲಗೈಯಿಂದ, ತಾವೇ ಕತ್ತರಿಸಿ ಹಂಚಿದರು, ಯಾರೂ ಅಡ್ಡಬರಲಿಲ್ಲ. ಅವರ ಮುಖದಲ್ಲಿ ಬಹುದಿನಗಳ ಮೇಲೆ ಕಂಡ ಕಾಂತಿಯನ್ನು ನೋಡಿ ಯಜಮಾನರು ತಮ್ಮ ಪುಣ್ಯಕಾರ್ಯವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡರು.

ಮರುದಿನ ಭಾನುವಾರ, ಎಲ್ಲರೂ ಮನೆಯಲ್ಲಿದ್ದರು. ಸೇತುವೆಯ ಆಚೆಗೆ ಆಟದೊಳಗಿನ ಹಿಮಪಾತ ನಿಂತು ಬೆಳಗಾಗಿತ್ತು. ಬಿಸಿಲಿನಲ್ಲಿ ನಿಂಜಾ ನಡೆದು ಬಂದ. ಅವನ ಎಡತೋಳಿನಲ್ಲಿ ಹಳದಿ ಪಟ್ಟಿ ಫಳಫಳಿಸುತ್ತಿತ್ತು.

ಇಸ್ತ್ರಿಯಮ್ಮ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡರು. "ಇದ್ಯಾರ ಕೆಲಸ?"

"ನಾನಲ್ಲಪ್ಪ," ಎಂದಳು ಪಟಾಕಿ. "ನಾನು ಕನ್ನಡಕದ ಅಂಗಡೀಲಿದ್ದೆ."

"ನನಗೆ ಇದರ ಗುಂಡಿ ಯಾವುದು, ಬೀಗದ ಕೈ ಯಾವುದು ಗೊತ್ತಿಲ್ಲ," ಎಂದರು ಅಜ್ಜಿ.

ಬಟಾಣಿ ಬಿಡಿಸುತ್ತಿದ್ದ ಯಜಮಾನರು ಬಟ್ಟಲಿನೊಳಗೆ ಏನನ್ನೋ ಹುಡುಕುತ್ತಿದ್ದರು.

"ರೀ."

"ಪಾಪ ಅನ್ನಿಸ್ತು," ಎಂದರು ಯಜಮಾನರು. "ದಿನಾ ಸಾಯ್ತಿದ್ದೆ. ಎಷ್ಟು ಅಂತ ಕೇಳಿಸ್ಕೊಳ್ಳೋದು?"

"ಸಾಯೋಳು ನಾನು. ನಿಮಗೇನು ಕಷ್ಟ?"

"ಗೆದ್ದು ಖುಷಿಪಟ್ಟೆ ಅಲ್ವಾ? ಕೇಕ್ ತಿಂದ್ವಿ ಅಲ್ವಾ?"

"ಗೆದ್ದಿದ್ದು ನೀವು! ಕೇಕ್ ನಿಮ್ಮದು! ನಾನು ಸುಮ್ನೆ ಕುಣಿದೆ, ಮುಟ್ಠಾಳಿ ತರ!" ಇಸ್ತ್ರಿಯಮ್ಮನ ಧ್ವನಿ ಏರಿತು. "ಬ್ರೆಡ್ ಕಿತ್ಕೊಂಡ್ರಿ, ಸುಮ್ನಿದ್ದೆ. ಪಾತ್ರೆ ಕಿತ್ಕೊಂಡ್ರಿ, ಸುಮ್ನಿದ್ದೆ. ನನ್ನ ಮೇಜನ್ನ ಯಾರೋ ಹೆಸರಿಲ್ಲದೋನಿಗೆ ಕೊಟ್ರಿ. ಸೋಲೋದೊಂದು ನನ್ನ ಪಾಲಿಗೆ ಉಳಿದಿತ್ತು, ಅದನ್ನೂ ಕಿತ್ಕೊಂಡ್ರಾ?"

"ನಿನ್ನ ಒಳ್ಳೇದಕ್ಕೇ ಅಲ್ವೇನೇ—"

"ಡಾಕ್ಟರು ಕೆಲಸ ಮಾಡು ಅಂದ್ರು. ನಿಮ್ಮ ಒಳ್ಳೇತನ ಬೇಡ ಅಂತು. ಯಾರ ಮಾತು ಕೇಳ್ಲಿ?"

ಹೀಗೆಂದು ಆಕೆ ಕಂಟ್ರೋಲರನ್ನೆತ್ತಿ, ಮಗಳಿಂದ ಕಲಿತಿದ್ದ ಕ್ರಮದಲ್ಲಿ, ಅಷ್ಟು ವಾರಗಳ ಆಟವನ್ನು ಅಳಿಸಿಹಾಕಿದರು. "ಅಮ್ಮಾ! ಬೇಡ! ಎಲ್ಲ ಹೋಗುತ್ತೆ!" ಎಂದು ಪಟಾಕಿ ಕಿರುಚುವಷ್ಟರಲ್ಲಿ ಎಲ್ಲವೂ ಹೋಗಿತ್ತು. ಬೆಟ್ಟದ ಬುಡದಲ್ಲಿ, ಬರಿಯ ತೋಳಿನ ನಿಂಜಾ ಮತ್ತೆ ನಿಂತಿದ್ದ.

"ಈ ಪಟ್ಟಿ ಇಲ್ಲದೆ ಕೊನೇವರೆಗೂ ಹೋಗ್ತೀನಿ. ಹೋದ ದಿನ ಮೇಜು ನನ್ನದು."

"ಗೇಮಿಗೂ ಇಸ್ತ್ರಿಗೂ ಏನು ಸಂಬಂಧ?" ಎಂದರು ಯಜಮಾನರು.

"ಸಂಬಂಧ ನಾನು ಹಾಕ್ತೀನಿ," ಎಂದರು ಅಜ್ಜಿ. ಜಪಮಣಿಯನ್ನು ಚೀಲಕ್ಕೆ ಹಾಕಿ ಮಗನತ್ತ ತಿರುಗಿ ಕುಳಿತರು. "ಕೈ ಆಗಲ್ಲ ಅಂದೋನು ನೀನು. ಆಗುತ್ತೋ ಇಲ್ವೋ ಅವಳು ತೋರಿಸ್ಲಿ. ಆ ಕೆಲಸಗಾರ ಬಂದು ಇಸ್ತ್ರಿಪೆಟ್ಟಿಗೆ ಬಿಸಿ ಮಾಡೋದರೊಳಗೆ ಇವಳು ಗೆದ್ರೆ ಮೇಜು ಇವಳದು. ಸೋತ್ರೆ ಕೌಂಟರು. ಒಪ್ಪಿದೀಯಾ?"

"ಅಮ್ಮಾ, ನೀನೂ ಇವಳ ಜೊತೆ ಸೇರ್ಕೊಂಡ್ಯಾ?"

"ನನ್ನನ್ನ ಬಿಡು. ಇವಳ ಪಾತ್ರೆ ತೊಳೆದೂ ತೊಳೆದೂ ನನ್ನ ಸೊಂಟ ಬಿದ್ದು ಹೋಗಿದೆ. ಒಪ್ಪಿದೀಯಾ ಇಲ್ವಾ?"

ಯಜಮಾನರು ಒಪ್ಪಿದರು. ತಿಂಗಳು ತುಂಬಲು ಹೆಚ್ಚು ದಿನಗಳಿಲ್ಲವೆಂಬ ಧೈರ್ಯವೂ ಅವರಿಗಿತ್ತು.

ಅಂದಿನಿಂದ ಮನೆಯ ನಡವಳಿಕೆ ಬದಲಾಯಿತು. ಪಾತ್ರೆ ಇಸ್ತ್ರಿಯಮ್ಮನ ಕೈಗೆ ಮರಳಿತು. ಮೊದಲ ದಿನ ಒಂದು ತಟ್ಟೆ ಜಾರಿ ಒಡೆಯಿತು. ಧಾವಿಸಿ ಬಂದ ಯಜಮಾನರನ್ನು ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ತಡೆದರು. "ಅವಳು ಒಡೆದದ್ದನ್ನ ಅವಳೇ ಗುಡಿಸ್ತಾಳೆ. ನೀ ನಡಿ." ಕಂಟ್ರೋಲರಿಗೂ ಅಜ್ಜಿಯೇ ಕಾವಲು. ಇಸ್ತ್ರಿಯಮ್ಮ ಎದ್ದು ಹೋದಾಗಲೆಲ್ಲ ಅದನ್ನು ತಮ್ಮ ಶಾಲಿನೊಳಗೆ ಇಟ್ಟುಕೊಳ್ಳುತ್ತಿದ್ದರು. ದಾರಿಯಲ್ಲಿ ಹಾದುಹೋದ ಮಗನನ್ನು ಕಳ್ಳನನ್ನು ನೋಡುವಂತೆ ನೋಡುತ್ತಿದ್ದರು.

ಸೇತುವೆಯ ಕಾವಲುಗಾರ ಈ ಸಲ ನಿಜವಾಗಿ ಬಿದ್ದ. ಯಾರೂ ಕೇಕು ತರಲಿಲ್ಲ, ಇಸ್ತ್ರಿಯಮ್ಮನೂ ಕೂಗಲಿಲ್ಲ. ಒಂದು ಲೋಟ ನೀರು ಕುಡಿದು ಮುಂದಕ್ಕೆ ನಡೆದರು. ಬಿದಿರಿನ ಕಾಡಿನಲ್ಲಿ ಎರಡು ಕತ್ತಿಯ ಅವಳಿಗಳು, ಹೆಪ್ಪುಗಟ್ಟಿದ ಕೆರೆಯಲ್ಲಿ ಮಂಜನ್ನು ಊದುವ ಮುದುಕಿ; ಒಬ್ಬೊಬ್ಬರನ್ನಾಗಿ ದಾಟಿದರು. ಮುದುಕಿಯ ಸೋಲನ್ನು ಕಂಡು ಅಜ್ಜಿಗೆ ಮಾತ್ರ ಸ್ವಲ್ಪ ಬೇಸರವಾಯಿತು. "ವಯಸ್ಸಾದೋಳು, ಇನ್ನೂ ಸ್ವಲ್ಪ ಮೆಲ್ಲಗೆ ಹೊಡೀಬಾರದಿತ್ತೇನೇ?"

ತಿಂಗಳ ಕೊನೆಯ ವಾರದಲ್ಲಿ ನಿಂಜಾ ದುರ್ಗದ ಒಡೆಯನ ಎದುರು ನಿಂತ. ಆಳೆತ್ತರದ ಖಡ್ಗ ಹಿಡಿದ ಆ ಒಡೆಯನ ಮುಂದೆ ಕುಡುಗೋಲಿನವನು ಹಸುಗೂಸು. ಇಸ್ತ್ರಿಯಮ್ಮ ದಿನವೂ ಸೋತರು. ಸೋಲಿಗೆ ಕಾರಣ ಒಡೆಯನೊಬ್ಬನೇ ಅಲ್ಲ.

"ಹಿಂದಕ್ಕೆ ಹೋಗಮ್ಮ! ಹಿಂದಕ್ಕೆ!" ಎಂದು ಪಟಾಕಿ ಕೂಗುತ್ತಿದ್ದಳು.

"ಎಡಕ್ಕೆ! ಅಯ್ಯೋ, ನಿನ್ನ ಎಡಕ್ಕಲ್ಲ, ಅವನ ಎಡಕ್ಕೆ!" ಎಂದು ಯಜಮಾನರು; ಪಂದ್ಯದಲ್ಲಿ ತಾವು ಎದುರುಪಕ್ಷವೆಂಬುದನ್ನೇ ಅವರು ಮರೆತಿದ್ದರು.

"ದೇವರೇ, ದೇವರೇ, ದೇವರೇ," ಎಂದು ಅಜ್ಜಿ.

ಎಲ್ಲರ ಮಾತನ್ನೂ ಕೇಳಿ ಹಿಂದಕ್ಕೂ ಎಡಕ್ಕೂ ಓಡಿದ ನಿಂಜಾ ಎಲ್ಲ ದಿಕ್ಕಿನಲ್ಲೂ ಸಾಯುತ್ತಿದ್ದ. ಕೊನೆಗೊಮ್ಮೆ ಇಸ್ತ್ರಿಯಮ್ಮ ತಿರುಗಿ ಕುಳಿತರು.

"ನಾಳೆಯಿಂದ ಈ ಕೋಣೇಲಿ ಒಂದು ಮಾತು ಕೇಳಬಾರದು. ಬಾಯಿ ಇದ್ದೋರು ಅದನ್ನ ಅಡುಗೆಮನೇಲಿ ಇಟ್ಟು ಬನ್ನಿ."

"ನನಗೂನಾ?" ಎಂದರು ಅಜ್ಜಿ.

"ನಿಮ್ಮ ದೇವರಿಗೆ ಕಿವಿ ಚುರುಕು ಅತ್ತೆ. ಮನಸ್ಸಲ್ಲೇ ಹೇಳಿ."

ಮೊದಲನೆಯ ದಿನ ಬಂದಿತು. ಹೊಸ ಕೆಲಸಗಾರ ಬೆಳಿಗ್ಗೆಯೇ ಬಂದು ಒಗೆಯುವ ಯಂತ್ರಗಳ ಬಳಿ ನಿಂತ. ಬಡಕಲು ದೇಹ, ಒಳ್ಳೆಯ ನಡತೆ. ಇಸ್ತ್ರಿಯ ಕೆಲಸ ಮಧ್ಯಾಹ್ನದ ಮೇಲೆ ಎಂದು ಯಜಮಾನರು ಅವನಿಗೆ ಹೇಳಿದರು. ಊಟದ ಹೊತ್ತಾಯಿತು. ಮೇಲಿನ ಮನೆಯಲ್ಲಿ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು ಮೇಜಿನ ಮೇಲಿದ್ದವು. ಯಾರೂ ಉಣ್ಣಲಿಲ್ಲ. ಇಸ್ತ್ರಿಯಮ್ಮ ಕಂಟ್ರೋಲರು ಹಿಡಿದು ಕುಳಿತರು. ಪಟಾಕಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಶಾಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡರು.

ಮೊದಲ ಸಲ ಸೋತರು. ಎರಡನೆಯ ಸಲ ಒಡೆಯ ಅರ್ಧ ಕುಗ್ಗುವವರೆಗೆ ನಿಂತು ಸೋತರು. ಮುದುಕ ಬಂದ. ಆ ದುರ್ಗದ ನೆತ್ತಿಯವರೆಗೂ ಅವನು ಅವರನ್ನು ಹಿಂಬಾಲಿಸಿ ಬಂದಿದ್ದ. "ಪಯಣಿಗನೇ, ನಿನ್ನ ಹಾದಿಯನ್ನು ಸುಗಮ ಮಾಡಲೇ?"

ಕೆಳಗಿನಿಂದ ಕೆಲಸಗಾರನ ಕೂಗು ಕೇಳಿತು: "ಯಜಮಾನ್ರೇ, ಊಟ ಆಯ್ತು. ಪೆಟ್ಟಿಗೆ ಬಿಸಿ ಮಾಡ್ಲಾ?"

ಇಸ್ತ್ರಿಯಮ್ಮನ ಕೈ ನಿಂತಿತು. ಎಲ್ಲರೂ ಯಜಮಾನರ ಕಡೆ ನೋಡಿದರು. ಯಜಮಾನರು ಎದ್ದರು, ಮೆಟ್ಟಿಲ ತನಕ ಹೋದರು, ಬಗ್ಗಿ ಕೆಳಕ್ಕೆ ನೋಡಿದರು. ಬಾಯಿ ತೆರೆದರು. ಮತ್ತೆ ಹೆಂಡತಿಯ ಕಡೆ ನೋಡಿದರು.

"ಬೇಡ ಅನ್ಬೇಡಿ," ಎಂದರು ಇಸ್ತ್ರಿಯಮ್ಮ, ತೆರೆಯಿಂದ ಕಣ್ಣು ಕೀಳದೆ. "ಅದೂ ಹಳದಿ ಪಟ್ಟಿನೇ. ಮಾಡು ಅನ್ನಿ."

ಯಜಮಾನರು "ಮಾಡಪ್ಪಾ," ಎಂದು ಕೂಗಿ ಹೇಳಿ, ಬಂದು ತಮ್ಮ ಕೈಗಳ ಮೇಲೆ ತಾವೇ ಕುಳಿತರು. ಹಳೆಯ ಭಾರದ ಪೆಟ್ಟಿಗೆ ಅದು. ಕಾಯಲು ಹೊತ್ತು ಹಿಡಿಯುತ್ತಿತ್ತು. ಅದೆಷ್ಟು ಹೊತ್ತೆಂಬುದು ಇಸ್ತ್ರಿಯಮ್ಮನಿಗಿಂತ ಚೆನ್ನಾಗಿ ಇನ್ನಾರಿಗೂ ತಿಳಿದಿರಲಿಲ್ಲ.

ಮುದುಕನಿಗೆ ಬೇಡವೆಂದು ಒತ್ತಿದರು. ದುರ್ಗದ ಬಾಗಿಲು ತೆರೆಯಿತು.

ಒಡೆಯನ ಖಡ್ಗ ಒಂದು ಸಲ ಬೀಸಿ ಬಂತು, ತಪ್ಪಿಸಿದರು. ಮತ್ತೊಂದು ಸಲ; ತಡೆದರು. ಅವನು ಖಡ್ಗವನ್ನು ಮೂರನೆಯ ಸಲ ತಲೆಯ ಮೇಲೆತ್ತಿದಾಗ, ಈವರೆಗೆ ಓಡಿಹೋಗುತ್ತಿದ್ದ ಜಾಗದಲ್ಲಿ ಇಸ್ತ್ರಿಯಮ್ಮ ಓಡಲಿಲ್ಲ. ಮುಂದಕ್ಕೆ ನುಗ್ಗಿದರು. ಎತ್ತಿದ ಖಡ್ಗದ ಅಡಿಯಲ್ಲಿ, ಒಡೆಯನ ಎದೆಗೆ ಅಂಟಿಕೊಂಡಂತಹ ಇಕ್ಕಟ್ಟಿನಲ್ಲಿ, ಆ ಮಹಾಖಡ್ಗಕ್ಕೆ ಎಟುಕದ ಒಂದೇ ಒಂದು ಎಡೆಯಿತ್ತು. ಹಿಂದಕ್ಕೆ ಹೋಗೆಂದು ಕೂಗುವವರಿಲ್ಲದ್ದರಿಂದ ಅದು ಅವರಿಗೆ ಕಂಡಿತು. ಅಲ್ಲಿ ನಿಂತು ಹೊಡೆದರು. ಒಡೆಯ ಹಿಂದೆ ಸರಿದ, ಇವರೂ ಸರಿದರು. ಅವನು ತಿರುಗಿದ, ಇವರೂ ತಿರುಗಿದರು. ಬಲಹೆಬ್ಬೆರಳು ಗುಂಡಿಯ ಮೇಲೆ ಮಳೆಹನಿಯಂತೆ ಬೀಳುತ್ತಿತ್ತು. ಅಜ್ಜಿಯ ಹಲ್ಲಿನಿಂದ ಶಾಲು ಜಾರಿತು. ಆದರೂ ಮಾತು ಬರಲಿಲ್ಲ.

ಖಡ್ಗ ಒಡೆಯನ ಕೈಯಿಂದ ಕಳಚಿ ಹಿಮದಲ್ಲಿ ನಾಟಿಕೊಂಡಿತು. ಒಡೆಯ ಕುಸಿದ. ಬೆಟ್ಟದ ಮೇಲೆ ಸೂರ್ಯ ಮೂಡಿದ. ಮುಸುಕು ತೆಗೆದ ನಿಂಜಾ ಬರಿದೋಳಿನಲ್ಲಿ ನಿಂತಿದ್ದ.

ಆಗ ಪಟಾಕಿ ಸಿಡಿದಳು. "ಅಮ್ಮಾ! ಅಮ್ಮಾ! ಅಮ್ಮಾ!" ಎಂಬುದರ ಹೊರತು ಬೇರೆ ಪದವೇ ಅವಳ ಬಾಯಿಗೆ ಬರಲಿಲ್ಲ. ಅಜ್ಜಿ ಸೊಸೆಯ ಬಲಗೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಯಜಮಾನರು ತಮ್ಮ ಕೈಗಳನ್ನು ಬಿಡಿಸಿಕೊಂಡು ಚಪ್ಪಾಳೆ ತಟ್ಟಿದರು. ಮರಗಟ್ಟಿದ್ದ ಕೈಗಳಿಂದ ಸದ್ದೇ ಬರಲಿಲ್ಲ, ಮತ್ತೆ ತಟ್ಟಿದರು.

"ನಾನೇನೂ ಮಾಡಿಲ್ಲ," ಎಂದರು ಅವರು, ಸಾಕ್ಷಿ ಹೇಳುವವರಂತೆ. "ದೇವರಾಣೆ, ಈ ಸಲ ನಾನೇನೂ ಮಾಡಿಲ್ಲ!"

"ಗೊತ್ತು ಕಣ್ರೀ," ಎಂದು ಇಸ್ತ್ರಿಯಮ್ಮ ಅಂದು ಮೊದಲ ಬಾರಿಗೆ ನಕ್ಕರು. "ಎಷ್ಟು ಕಷ್ಟ ಆಯ್ತು ಅಂತಲೂ ಗೊತ್ತು."

ಊಟಕ್ಕೆ ಕುಳಿತುಕೊಳ್ಳಲಿಲ್ಲ. ಒಂದು ಆಲೂಗಡ್ಡೆಯನ್ನು ಕೈಯಲ್ಲಿ ಹಿಡಿದು, ತಿನ್ನುತ್ತಲೇ ಮೆಟ್ಟಿಲಿಳಿದರು. ಕೆಳಗೆ ಕೆಲಸಗಾರ ಪೆಟ್ಟಿಗೆಯ ಅಡಿಗೆ ನೀರಿನ ಹನಿ ಚಿಮುಕಿಸಿ ನೋಡುತ್ತಿದ್ದ. ಹನಿ ಇನ್ನೂ ಸಿಡಿಯುತ್ತಿರಲಿಲ್ಲ; ಪೆಟ್ಟಿಗೆ ಕಾದಿರಲಿಲ್ಲ.

"ಸರಿಯಪ್ಪ ಆ ಕಡೆ," ಎಂದರು ಇಸ್ತ್ರಿಯಮ್ಮ.

ಅವನ ಮುಖ ಬಾಡಿತು. "ನನ್ನ ಕೆಲಸ ಹೋಯ್ತಾ ಅಮ್ಮಾ?"

"ಯಾಕೆ ಹೋಗುತ್ತೆ? ಹೋಟೆಲಿನ ಹೊದಿಕೆಗಳೆಲ್ಲ ರಾಶಿ ಬಿದ್ದಿವೆ. ರೀ, ಒಳಗಿನ ಉದ್ದನೆ ಹಲಗೆ ತಂದು ಕಿಟಕಿ ಹತ್ರ ಇವನಿಗೊಂದು ಮೇಜು ಮಾಡಿಕೊಡಿ. ಕಾಲರು ಮಾತ್ರ ಸದ್ಯಕ್ಕೆ ಮುಟ್ಟಬೇಡ ಮಗು, ಅದನ್ನ ಕಲಿಸ್ತೀನಿ."

ಯಜಮಾನರು ಹಲಗೆ ತಂದರು. ಕೆಲಸಗಾರ ಹೊದಿಕೆಗಳನ್ನು ಹೊತ್ತು ತಂದ. ಗಾಜಿನ ಬಾಗಿಲು ತೆರೆಯಿತು. ಬೀದಿಯ ಬೆಳಕು ಮೇಜಿನ ಮೇಲೆ ಬಿದ್ದಿತು. ಇಸ್ತ್ರಿಯಮ್ಮ ಮೊದಲ ಅಂಗಿಯನ್ನು ಹಾಸಿ, ಪೆಟ್ಟಿಗೆಯನ್ನು ಬಲಗೈಯಿಂದ ಎತ್ತಿದರು. ಅದರ ಭಾರಕ್ಕೆ ಅವರ ಹುಬ್ಬು ಒಮ್ಮೆ ಗಂಟಿಕ್ಕಿತು. ಕಾಲರಿನ ತುದಿಯಲ್ಲಿ ಒಂದು ನೆರಿಗೆ ಉಳಿಯಿತು; ನೀರು ಚಿಮುಕಿಸಿ, ಮತ್ತೆ ಒತ್ತಿ, ಅದನ್ನು ಅಳಿಸಿದರು.

ಎದುರಿಗೇ ನಿಂತಿದ್ದ ಯಜಮಾನರಿಂದ ತಡೆಯಲಾಗಲಿಲ್ಲ.

"ಕೈ ನೋಯ್ತಿದೆಯೇನೇ?"

"ನೋಯ್ತಿದೆ."

"ಹಾಗಾದ್ರೆ..."

"ಹಾಗಾದ್ರೆ ಇನ್ನೊಂದು ಅಂಗಿ ಕೊಡಿ."

ಯಜಮಾನರು ಕೊಟ್ಟರು.